ಬಯಲು ಬಿಟ್ಟುಕೊಡದ ಊರು

ನಿಮ್ಮ ಊರಿನಲ್ಲೂ ಒಂದು ಆಟದ ಬಯಲು ಇದ್ದೇ ಇದೆ. ಹಗಲು ಹೊತ್ತು ದನ ಮೇಯುತ್ತವೆ, ಸಂಜೆ ಹುಡುಗರು ಚೆಂಡಾಡುತ್ತಾರೆ, ಜಾತ್ರೆ ಬಂದಾಗ ಬಳೆ ಅಂಗಡಿ, ತೊಟ್ಟಿಲು, ಮಿಠಾಯಿ ಅಂಗಡಿ ಎಲ್ಲಾ ಅಲ್ಲೇ. ಅದು ಯಾರ ಜಾಗ ಅಂತ ನಾವು ಯಾವತ್ತೂ ಕೇಳಿದವರಲ್ಲ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಆ ಬಯಲಿನ ಒಂದು ಮಗ್ಗುಲಿಗೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ, ಅದರ ಮೇಲೆ ಬಂದೂಕು ಹಿಡಿದ ಸಿಪಾಯಿ. ಆಗ ಏನು ಮಾಡ್ತೀರಿ? ಮಕ್ಕಳನ್ನು ಆಟಕ್ಕೆ ಕಳಿಸ್ತೀರಾ, ಇಲ್ಲಾ ಮನೆಯೊಳಗೇ ಕೂಡಿಹಾಕ್ತೀರಾ?

ಐರ್ಲೆಂಡ್ ದ್ವೀಪದ ಉತ್ತರದಲ್ಲಿ, ಆರ್ಮಾ ಜಿಲ್ಲೆಯ ದಕ್ಷಿಣದ ಅಂಚಿಗೆ ಕ್ರಾಸ್‌ಮಗ್ಲೆನ್ ಅಂತ ಒಂದು ಊರಿದೆ. 2011ರ ಗಣತಿಯ ಹೊತ್ತಿಗೆ ಜನಸಂಖ್ಯೆ ಸುಮಾರು 1,600. ನಮ್ಮ ಲೆಕ್ಕದಲ್ಲಿ ದೊಡ್ಡ ಹಳ್ಳಿ ಅನ್ನಬಹುದು, ಅಷ್ಟೆ. ಊರ ನಡುವೆ ವಿಶಾಲವಾದ ಸಂತೆ ಚೌಕ, ಅದರ ಸುತ್ತ ಅಂಗಡಿಗಳು, ಸ್ವಲ್ಪ ಆಚೆ ಆಟದ ಮೈದಾನ. ಈ ಊರಿನ ತಾಯಂದಿರಿಗೆ ಮೇಲಿನ ಪ್ರಶ್ನೆ ಬರೀ ಊಹೆಯದಾಗಿರಲಿಲ್ಲ. 1970ರ ದಶಕದಿಂದ ಹೆಚ್ಚುಕಡಿಮೆ ಮೂವತ್ತು ವರ್ಷ ಅದು ಅವರ ದಿನನಿತ್ಯದ ಬದುಕು. ಅವರು ಮಕ್ಕಳನ್ನು ಕಳಿಸಿದರು. ಆ ಮಕ್ಕಳು, ಆಮೇಲೆ ಅವರ ತಮ್ಮಂದಿರು, ಆಮೇಲೆ ಅವರ ಮಕ್ಕಳು ಸೇರಿ ಆರು ಸಲ ಇಡೀ ಐರ್ಲೆಂಡಿನ ಕ್ಲಬ್ ಚಾಂಪಿಯನ್ನರಾದರು. ಕ್ಲಬ್ಬಿನ ಹೆಸರು ಕ್ರಾಸ್‌ಮಗ್ಲೆನ್ ರೇಂಜರ್ಸ್.

ಇದೇನು ಆಟ?

ಗೇಲಿಕ್ ಫುಟ್ಬಾಲ್ ಅಂತ ಇದರ ಹೆಸರು. ಫುಟ್ಬಾಲ್ ಅಂದ ಕೂಡಲೆ ಕೈ ಮುಟ್ಟಬಾರದು ಅಂದುಕೊಳ್ಳಬೇಡಿ. ಇಲ್ಲಿ ಕೈಯೂ ಉಂಟು, ಕಾಲೂ ಉಂಟು. ಕಡೆಗೆ ಒಂದೊಂದು ಪಕ್ಷಕ್ಕೆ 15 ಜನ. ಚೆಂಡನ್ನು ಹಾರಿ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ಕೊಡಬಹುದು, ಒದೆಯಬಹುದು. ಎತ್ತಿ ಎಸೆಯುವಂತಿಲ್ಲ. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತೆಯೂ ಇಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೆ ತನ್ನ ಪಾದದ ತುದಿಯಿಂದಲೇ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಗೋಲು ಕಂಬಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಮೂರು ಅಂಕ. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹೋದರೆ ಒಂದು ಅಂಕ. 2025ರಿಂದ 40 ಮೀಟರ್ ಗೆರೆಯ ಆಚೆಯಿಂದ ಒದ್ದು ಹಾಗೆ ದಾಟಿಸಿದರೆ ಎರಡು ಅಂಕ ಕೊಡುವ ಕ್ರಮ ಬಂದಿದೆ. ನೋಡುವುದಕ್ಕೆ ನಮ್ಮ ವಾಲಿಬಾಲ್, ಕಬಡ್ಡಿ, ಫುಟ್ಬಾಲ್ ಮೂರನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದ ಹಾಗೆ!

ಈ ಆಟಗಳನ್ನೆಲ್ಲ ನೋಡಿಕೊಳ್ಳುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದು 1884ರ ನವೆಂಬರ್ 1ರಂದು, ಥರ್ಲಿಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ. ಮುಂದೆ ನಿಂತವನು ಮೈಕೆಲ್ ಕ್ಯೂಸಾಕ್ ಎಂಬ ಶಾಲಾ ಮೇಷ್ಟ್ರು. ಆಗ ಐರ್ಲೆಂಡಿನಲ್ಲಿ ಬ್ರಿಟಿಷರ ಆಳ್ವಿಕೆ. ಇಂಗ್ಲಿಷರ ಆಟಗಳೇ ದೊಡ್ಡಸ್ತಿಕೆಯವು, ಹಳ್ಳಿಯ ಆಟಗಳು ಗಮಾರರವು ಎನ್ನುವ ಭಾವನೆ ಬೇರೂರುತ್ತಿತ್ತು. ನಮ್ಮ ಆಟ ನಮಗಿರಲಿ ಎಂದು ಇವರು ಹೊರಟರು. ಮೂರೇ ವರ್ಷಕ್ಕೆ, 1887ರಲ್ಲಿ, ಕ್ರಾಸ್‌ಮಗ್ಲೆನ್ ರೇಂಜರ್ಸ್ ಕ್ಲಬ್ ಹುಟ್ಟಿತು.

ಈ ಸಂಘದ ಎರಡು ಪದ್ಧತಿಗಳನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಕಥೆಯ ರುಚಿ ಹತ್ತುವುದಿಲ್ಲ. ಮೊದಲನೆಯದು, ಆಟಗಾರರಿಗೆ ಸಂಬಳವಿಲ್ಲ. ಎಂಬತ್ತು ಸಾವಿರ ಜನರ ಮುಂದೆ ಭಾನುವಾರ ಆಡಿದವನು ಸೋಮವಾರ ಬೆಳಿಗ್ಗೆ ಇಟ್ಟಿಗೆ ಕಟ್ಟುವುದಕ್ಕೋ ಪಾಠ ಹೇಳುವುದಕ್ಕೋ ಹೋಗಲೇಬೇಕು. ಎರಡನೆಯದು, ಸಾಮಾನ್ಯವಾಗಿ ನೀವು ಹುಟ್ಟಿ ಬೆಳೆದ ಊರಿಗೇ ಆಡಬೇಕು. ಹಣ ಕೊಟ್ಟು ಎಲ್ಲಿಂದಲೋ ಒಳ್ಳೆಯ ಆಟಗಾರನನ್ನು ತಂದುಕೊಳ್ಳುವ ಹಾಗಿಲ್ಲ. ಅಂದರೆ ತಂಡ ಬೇಕಾದರೆ ಊರೇ ಹೆರಬೇಕು, ಊರೇ ಸಾಕಬೇಕು. ಒಂದೂವರೆ ಸಾವಿರ ಜನರ ಊರಿನಲ್ಲಿ ಎಷ್ಟು ಮನೆ, ಎಷ್ಟು ಗಂಡುಮಕ್ಕಳು, ನೀವೇ ಲೆಕ್ಕ ಹಾಕಿ.

ಗಡಿಯ ಊರಿನ ಗತಿ

1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ದಕ್ಷಿಣ ಸ್ವತಂತ್ರವಾಗುವ ದಾರಿ ಹಿಡಿಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಜೊತೆ ಉಳಿದವು. ಕ್ರಾಸ್‌ಮಗ್ಲೆನ್ ಉತ್ತರಕ್ಕೆ ಸೇರಿತು, ಗಡಿ ಕೆಲವೇ ಮೈಲಿ ಆಚೆ. ಆದರೆ ಆಟದ ಸಂಘ ಮಾತ್ರ ಇಬ್ಭಾಗವಾಗಲಿಲ್ಲ. 32 ಜಿಲ್ಲೆಗಳನ್ನೂ ಒಂದೇ ಮನೆ ಅಂತ ನೋಡಿತು. ಹಾಗಾಗಿ ಈ ಆಟ ಬರೀ ಆಟವಾಗಿ ಉಳಿಯಲಿಲ್ಲ. ಅದಕ್ಕೂ ಹಿಂದಿನ ವರ್ಷವೇ, 1920ರ ನವೆಂಬರ್ 21ರಂದು, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಆಟ ನಡೆಯುತ್ತಿರುವಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿದ್ದವು. ಸತ್ತವರು 14 ಜನ. ಅವರಲ್ಲಿ ಒಬ್ಬ ಆಟಗಾರ, ಟಿಪರೇರಿಯ ಮೈಕೆಲ್ ಹೋಗನ್. ಅಂಥ ಗಾಯ ತಲೆಮಾರು ಕಳೆದರೂ ಒಣಗುವುದಿಲ್ಲ.

1960ರ ದಶಕದ ಕೊನೆಗೆ ಉತ್ತರ ಐರ್ಲೆಂಡಿನಲ್ಲಿ ಬೆಂಕಿ ಹತ್ತಿತು. ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಕ್ರಾಸ್‌ಮಗ್ಲೆನ್ ಸುತ್ತಲಿನ ಪ್ರದೇಶವಂತೂ ಐ.ಆರ್.ಎ. ಎಂಬ ಸಶಸ್ತ್ರ ಸಂಘಟನೆಯ ಗಟ್ಟಿ ನೆಲೆ. ಅಲ್ಲಿ ನೂರಕ್ಕೂ ಹೆಚ್ಚು ಸೈನಿಕರು ಕೊಲ್ಲಲ್ಪಟ್ಟರು. ರಸ್ತೆಯಲ್ಲಿ ಎಲ್ಲಿ ಬಾಂಬು ಹುಗಿದಿದ್ದಾರೋ ಎಂಬ ಭಯಕ್ಕೆ ಸೈನ್ಯ ಲಾರಿಯನ್ನೇ ಬಿಟ್ಟು ಎಲ್ಲವನ್ನೂ ಹೆಲಿಕಾಪ್ಟರಿನಲ್ಲಿ ಸಾಗಿಸತೊಡಗಿತು. ಹೆಲಿಕಾಪ್ಟರ್ ಇಳಿಯುವುದಕ್ಕೆ ಜಾಗ ಬೇಕಲ್ಲ? ಪೊಲೀಸ್ ಠಾಣೆಯೇ ಕೋಟೆಯಾಗಿ ಬೆಳೆಯಿತು. ಬೆಳೆದು ಬೆಳೆದು ಪಕ್ಕದ ಆಟದ ಮೈದಾನದ ಜಾಗಕ್ಕೂ ಕಾಲಿಟ್ಟಿತು.

ಮೈದಾನದ ಹೆಸರು ಸೇಂಟ್ ಆಲಿವರ್ ಪ್ಲಂಕೆಟ್ ಪಾರ್ಕ್. 1681ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಲ್ಪಟ್ಟ ಆರ್ಮಾದ ಧರ್ಮಗುರುವಿನ ಹೆಸರು ಅದು. ಆಟ ನಡೆಯುತ್ತಿದ್ದ ಹಾಗೇ ತಲೆಯ ಮೇಲೆ ಹೆಲಿಕಾಪ್ಟರ್ ಗಡಗಡ ಅಂತ ಇಳಿಯುತ್ತಿತ್ತು. ರೆಫರಿಯ ಸೀಟಿ ಯಾರಿಗೆ ಕೇಳಬೇಕು! ಚೆಂಡು ಗೋಡೆ ದಾಟಿ ಆಚೆ ಬಿದ್ದರೆ ವಾಪಸು ಬಂದೀತೆಂಬ ಭರವಸೆ ಇಲ್ಲ. ಕ್ಲಬ್ಬಿನವರು ಅರ್ಜಿ ಬರೆದರು, ಪ್ರತಿಭಟಿಸಿದರು, ವರ್ಷಗಟ್ಟಲೆ ಜಗಳವಾಡಿದರು. ಮೈದಾನವನ್ನು ಬೇರೆ ಕಡೆ ಒಯ್ಯಬಹುದಿತ್ತು. ಒಯ್ಯಲಿಲ್ಲ. ಆಟ ನಿಲ್ಲಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ಜಾಗ ಉಳಿಸಿಕೊಳ್ಳುವುದಕ್ಕೆ ಅವರ ಕೈಲಿದ್ದ ಉಪಾಯ ಒಂದೇ: ಅಲ್ಲಿ ದಿನಾ ಆಡುವುದು.

ತಾಯಿ ಎಂದ ಮೇಲೆ ಇಲ್ಲಿ ಎರಡೂ ಕಡೆಯ ತಾಯಂದಿರನ್ನು ನೆನೆಯಬೇಕು. ಊರ ಚೌಕದ ಕಾವಲು ಗೋಪುರಕ್ಕೆ ಸೈನಿಕರು ಬೊರುಕಿ ಎಂದು ಹೆಸರಿಟ್ಟಿದ್ದರು. 1976ರಲ್ಲಿ ಇದೇ ಊರಲ್ಲಿ, ನಿಲ್ಲಿಸಿದ್ದ ಸೈಕಲ್ಲಿಗೆ ಕಟ್ಟಿದ್ದ ಬಾಂಬು ಸಿಡಿದು ಸತ್ತ ಸಿಪಾಯಿ ಅವನು. ವಯಸ್ಸು 19. ರೇಂಜರ್ಸ್ ತಂಡದಲ್ಲಿ ಆಡುವ ಹುಡುಗರ ವಯಸ್ಸೇ. ಇನ್ನೊಂದು ಕಡೆ, ಪಕ್ಕದ ಟಿರೋನ್ ಜಿಲ್ಲೆಯ ಆಕ್ನಕ್ಲಾಯ್ ಎಂಬಲ್ಲಿ 1988ರ ಫೆಬ್ರವರಿ 21ರಂದು ಏಡನ್ ಮ್ಯಾಕನೆಸ್ಪಿ ಎಂಬ 23ರ ತರುಣ ತನ್ನ ಕ್ಲಬ್ಬಿನ ಆಟ ನೋಡಲು ನಡೆದು ಹೋಗುತ್ತಿದ್ದಾಗ ಗಡಿ ಠಾಣೆಯ ಸೈನಿಕನ ಗುಂಡಿಗೆ ಬಲಿಯಾದ. ಆ ಸೈನಿಕ ತಪ್ಪಿತಸ್ಥನೆಂದು ನ್ಯಾಯಾಲಯ ತೀರ್ಪು ಕೊಟ್ಟದ್ದು 2022ರಲ್ಲಿ, 34 ವರ್ಷದ ಮೇಲೆ. ಆಟದ ಚೀಲ ಹೆಗಲಿಗೇರಿಸಿ ಹೊರಟ ಮಗ ರಾತ್ರಿ ಮನೆ ಸೇರುವ ತನಕ ಆ ಪ್ರದೇಶದ ಯಾವ ತಾಯಿ ತಾನೇ ನಿಶ್ಚಿಂತೆಯಾಗಿ ತುತ್ತು ಎತ್ತಿದ್ದಾಳು?

ಸಂಘದ ಕಡೆಯಿಂದಲೂ ಬಾಗಿಲು ಮುಚ್ಚಿತ್ತು ಎನ್ನುವುದನ್ನು ಹೇಳದೆ ಬಿಡುವುದು ಸರಿಯಲ್ಲ. ಬ್ರಿಟಿಷ್ ಸೈನ್ಯದವರು, ಉತ್ತರ ಐರ್ಲೆಂಡಿನ ಪೊಲೀಸರು ಸದಸ್ಯರಾಗಕೂಡದು ಎಂಬ 21ನೇ ನಿಯಮ ಬಹುಕಾಲ ಜಾರಿಯಲ್ಲಿತ್ತು. ಶಾಂತಿ ಒಪ್ಪಂದವಾದದ್ದು 1998ರಲ್ಲಿ. ಆ ನಿಯಮವನ್ನು ತೆಗೆದುಹಾಕಿದ್ದು 2001ರ ನವೆಂಬರಿನಲ್ಲಿ. ಮರುವರ್ಷವೇ ಹೊಸ ಪೊಲೀಸ್ ಪಡೆಯವರು ತಮ್ಮದೇ ಗೇಲಿಕ್ ತಂಡ ಕಟ್ಟಿದರು.

ಹೆಬ್ಬಾಗಿಲಿಗೆ ಬಂದ ಕಪ್

1996ರಲ್ಲಿ ರೇಂಜರ್ಸ್ ಆರ್ಮಾ ಜಿಲ್ಲೆಯ ಕಪ್ ಗೆದ್ದರು. ಗೆಲ್ಲುವುದು ಒಂದು ಚಟವೇ ಆಗಿಬಿಟ್ಟಿತು ಅನ್ನಿ. 2008ರ ತನಕ ಬಿಡದೆ ಹದಿಮೂರು ವರ್ಷ ಗೆದ್ದರು. ಜಿಲ್ಲೆ ಗೆದ್ದವರು ಪ್ರಾಂತ್ಯಕ್ಕೆ, ಪ್ರಾಂತ್ಯ ಗೆದ್ದವರು ಅಖಿಲ ಐರ್ಲೆಂಡ್ ಪಂದ್ಯಕ್ಕೆ. ಅದರ ಅಂತಿಮ ಆಟ ಆಗೆಲ್ಲ ಮಾರ್ಚ್ 17ಕ್ಕೆ, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಕ್ರೋಕ್ ಪಾರ್ಕಿನಲ್ಲಿ. 1997ರ ಆ ದಿನ ಕಪ್ಪು-ಹಳದಿ ಬಣ್ಣದ ಅಂಗಿ ತೊಟ್ಟ ಕ್ರಾಸ್‌ಮಗ್ಲೆನ್ ಹುಡುಗರು ಮೇಯೋ ಜಿಲ್ಲೆಯ ನಾಕ್‌ಮೋರ್ ತಂಡದ ಎದುರು ಇಳಿದರು. ಎರಡು ಗೋಲು, 13 ಬಿಡಿ ಅಂಕ, ಒಟ್ಟು 19. ಎದುರಾಳಿಗೆ ಬರೀ 11. ಆಗ ಶಾಂತಿ ಒಪ್ಪಂದವಿನ್ನೂ ಆಗಿರಲಿಲ್ಲ. ಗೆದ್ದ ಕಪ್ ಊರಿಗೆ ಬಂದಾಗ ಗೋಪುರದಲ್ಲಿ ಸಿಪಾಯಿಗಳು ಇದ್ದೇ ಇದ್ದರು.

1999ರಲ್ಲಿ ಬಲೀನಾ ತಂಡವನ್ನು 9ಕ್ಕೆ 8ರಿಂದ, ಅಂದರೆ ಕೂದಲೆಳೆಯಲ್ಲಿ, ಸೋಲಿಸಿದರು. 2000ದಲ್ಲಿ ಡಬ್ಲಿನ್ ಮಹಾನಗರದ ನಾ ಫಿಯಾನಾ ತಂಡವನ್ನು. ಮತ್ತೆ 2007, 2011, 2012. ಜಾನ್ ಮತ್ತು ಟೋನಿ ಮೆಕೆಂಟಿ ಎಂಬ ಅವಳಿ ಅಣ್ಣತಮ್ಮಂದಿರು ಮೊದಲ ಗೆಲುವುಗಳಲ್ಲಿ ಆಡಿದರು; ಆಮೇಲೆ 2011, 2012ರ ತಂಡವನ್ನು ತರಬೇತಿ ಕೊಟ್ಟು ನಡೆಸಿದವರಲ್ಲಿ ಟೋನಿಯೂ ಒಬ್ಬ. ಮೊದಲ ಮೂರು ಸಲ ತಂಡ ಕಟ್ಟಿದವನು ಇದೇ ಊರಿನ ಜೋ ಕೆರ್ನನ್. ಅವನ ಗಂಡುಮಕ್ಕಳೂ ಮುಂದೆ ಇದೇ ಅಂಗಿ ತೊಟ್ಟರು. ಅಂಗಿಗಳು ಮನೆಯೊಳಗೇ ಅಣ್ಣನಿಂದ ತಮ್ಮನಿಗೆ ಇಳಿಯುವ ಹಾಗೆ ಕ್ಲಬ್ಬಿನ ಕೆಲಸವೂ ಇಳಿಯುತ್ತದೆ ನೋಡಿ.

ಕೆರ್ನನ್ನನದು ಒಂದು ಕಥೆ ಹೇಳಲೇಬೇಕು. 1977ರಲ್ಲಿ ಆರ್ಮಾ ಜಿಲ್ಲೆ ಅಖಿಲ ಐರ್ಲೆಂಡ್ ಫೈನಲ್ ತಲುಪಿ ಡಬ್ಲಿನ್ ಎದುರು ಸೋತಿತು. ಕೆರ್ನನ್ ಎರಡು ಗೋಲು ಹೊಡೆದರೂ ಫಲವಿಲ್ಲ. ಸೋತವರಿಗೆ ಕೊಡುವ ಫಲಕವೊಂದು ಸಿಕ್ಕಿತು. 2002ರಲ್ಲಿ ಅವನೇ ಆರ್ಮಾ ತಂಡದ ಗುರು. ಕೆರ್ರಿ ಎದುರು ಅರ್ಧ ಆಟ ಮುಗಿದಾಗ ನಾಲ್ಕು ಅಂಕ ಹಿಂದೆ. ಕೋಣೆಯಲ್ಲಿ ಕೂತ ಹುಡುಗರಿಗೆ ಆ ಹಳೆಯ ಫಲಕ ತೋರಿಸಿ, ನಿಮಗೂ ಇಂಥದ್ದೇ ಬೇಕೇ ಅಂತ ಗೋಡೆಗೆ ಎಸೆದನಂತೆ. ಹುಡುಗರು ಎದ್ದು ಹೋಗಿ 15ಕ್ಕೆ 14ರಿಂದ ಗೆದ್ದು ಬಂದರು. ಆರ್ಮಾಗೆ ಅದೇ ಮೊದಲನೆಯ ಕಪ್. ಎರಡನೆಯದಕ್ಕೆ 2024ರ ತನಕ ಕಾಯಬೇಕಾಯಿತು. (ಮನೆಯಲ್ಲಿ ಮಕ್ಕಳಿಗೆ ಹುಮ್ಮಸ್ಸು ಬರಲಿ ಅಂತ ನೀವು ಏನನ್ನೂ ಗೋಡೆಗೆ ಎಸೆಯುವುದು ಬೇಡ.)

ಗೆದ್ದವನ ಗುಟ್ಟು

ಆ 2002ರ ಆಟದಲ್ಲಿ ಮೊದಲರ್ಧಕ್ಕೆ ಪೆನಾಲ್ಟಿ ತಪ್ಪಿಸಿಕೊಂಡು, ಎರಡನೆಯರ್ಧಕ್ಕೆ ಗೆಲುವಿನ ಗೋಲು ಹೊಡೆದವನು ಕ್ರಾಸ್‌ಮಗ್ಲೆನ್ನಿನ ಒಶೀನ್ ಮೆಕಾನ್ವಿಲ್. ಊರಿನ ಕಣ್ಮಣಿ. ಆದರೆ ಇಡೀ ಊರು ಹೊತ್ತು ಮೆರೆಸುತ್ತಿದ್ದ ಆ ಹೊತ್ತಿನಲ್ಲೇ ಅವನು ಜೂಜಿನ ಚಟದಲ್ಲಿ ಮುಳುಗಿದ್ದ. ಹದಿಹರೆಯದಲ್ಲಿ ಹತ್ತಿದ ಚಟ. ಸಾಲದ ಮೇಲೆ ಸಾಲ, ಸುಳ್ಳಿನ ಮೇಲೆ ಸುಳ್ಳು. ಸೈನ್ಯದ ಗೋಪುರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಇದು ಯಾರಿಗೂ ಕಾಣಲಿಲ್ಲ. 2005ರಲ್ಲಿ ಅವನು ಚಿಕಿತ್ಸಾ ಕೇಂದ್ರ ಸೇರಿದ. ಹೊರಬಂದು ಮತ್ತೆ ಆಡಿ 2007ರ ಕಪ್ ಗೆದ್ದ. ಅದೇ ವರ್ಷ ತನ್ನ ಕಥೆಯನ್ನು ಪುಸ್ತಕವಾಗಿ ಹೊರಗೆ ತಂದ. ಆಮೇಲೆ ಚಟಗಾರರಿಗೆ ಬುದ್ಧಿಮಾತು ಹೇಳುವ ಸಲಹೆಗಾರನಾಗಿ ಕೆಲಸ ಹಿಡಿದ.

ಇಸ್ಪೀಟು, ಮಟ್ಕಾ, ಈಗಿನ ಕಾಲಕ್ಕೆ ಮೊಬೈಲಿನ ಬೆಟ್ಟಿಂಗು: ಇವುಗಳ ಬಿಸಿ ತಟ್ಟಿದ ಮನೆಗಳು ನಮ್ಮಲ್ಲಿ ಕಡಿಮೆಯೇ? ಕುಡಿತದ ವಾಸನೆಯಾದರೂ ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ, ಜೂಜಿಗೆ ವಾಸನೆಯಿಲ್ಲ. ಮಗ ಚೆನ್ನಾಗಿಯೇ ಓದುತ್ತಾನೆ, ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ, ದುಡ್ಡು ಮಾತ್ರ ನಿಲ್ಲುವುದಿಲ್ಲ ಎಂದಾದರೆ ಗಮನ ಕೊಡಿ. ಮಾನ ಹೋಗುತ್ತದೆ ಎಂದು ಬಳೆ ಅಡವಿಟ್ಟು ಗುಟ್ಟಾಗಿ ಸಾಲ ತೀರಿಸಿಬಿಟ್ಟರೆ ಚಟಕ್ಕೆ ಹೊಸ ಬಂಡವಾಳ ಕೊಟ್ಟ ಹಾಗೆ. ಇದು ರೋಗ, ಇದಕ್ಕೆ ಚಿಕಿತ್ಸೆ ಉಂಟು. ಮನೋರೋಗ ವೈದ್ಯರನ್ನು ಕಾಣುವುದಕ್ಕೆ ನಾಚಿಕೆ ಬೇಡ.

ಆಟ ಮುಗಿದ ಮೇಲೆ ಚಹಾ

ಇಂಥ ಕ್ಲಬ್ಬಿಗೆ ಸಂಬಳದ ಆಳುಗಳಿಲ್ಲ ಅಂದೆನಲ್ಲ, ಹಾಗಾದರೆ ಕೆಸರು ಮೆತ್ತಿದ ಅಂಗಿ ಒಗೆಯುವವರು ಯಾರು? ಮಳೆಗಾಲದಂಥ ಚಳಿಗಾಲದಲ್ಲಿ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಊರೂರು ಸುತ್ತುವವರು, ಲಾಟರಿ ಚೀಟಿ ಮಾರಿ ಹಣ ಕೂಡಿಸುವವರು, ಆಟ ಮುಗಿದ ಮೇಲೆ ಎರಡೂ ತಂಡಗಳಿಗೆ ಚಹಾ ಬಗ್ಗಿಸುವವರು ಯಾರು? ನಿಮಗೆ ಹೇಳಬೇಕಾಗಿಲ್ಲ. ಗೆದ್ದ ತಂಡದ ಫೋಟೋದಲ್ಲಿ ಅವರು ಇರುವುದಿಲ್ಲ.

ಉತ್ತರ ಐರ್ಲೆಂಡಿನ ಮನೆಗಳಲ್ಲಿ ಚಹಾಕ್ಕೆ ಜೊತೆಯಾಗಿ ಸೋಡಾ ಫಾರ್ಲ್ ಎಂಬ ರೊಟ್ಟಿ ಮಾಡುತ್ತಾರೆ. ಒಲೆಯೊಳಗೆ ಬೇಯಿಸುವ ಬ್ರೆಡ್ ಅಲ್ಲ, ಕಾವಲಿ ಮೇಲಿನದು. ಹಾಗಾಗಿ ನಮ್ಮ ಅಡಿಗೆಮನೆಗೆ ಹೇಳಿ ಮಾಡಿಸಿದ್ದು. ಎರಡು ಬಟ್ಟಲು ಮೈದಾಕ್ಕೆ ಮುಕ್ಕಾಲು ಚಹಾ ಚಮಚ ಅಡಿಗೆ ಸೋಡಾ, ಅರ್ಧ ಚಮಚ ಉಪ್ಪು ಹಾಕಿ ಜರಡಿ ಹಿಡಿಯಿರಿ. ನಡುವೆ ಗುಳಿ ಮಾಡಿ, ಹುಳಿಯಾದ ಗಟ್ಟಿ ಮಜ್ಜಿಗೆ ಒಂದು ಬಟ್ಟಲಿಗೆ ಸ್ವಲ್ಪ ಕಡಿಮೆ ಸುರಿದು ಬೆರಳಲ್ಲೇ ಕಲೆಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದರೆ ಚರ್ಮದ ಹಾಗೆ ಆಗುತ್ತದೆ. ಅರ್ಧ ಅಂಗುಲ ದಪ್ಪದ ದುಂಡು ಬಿಲ್ಲೆ ತಟ್ಟಿ, ಕೂಡುಗೆರೆಯ ಹಾಗೆ ಕೊಯ್ದು ನಾಲ್ಕು ಭಾಗ ಮಾಡಿ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಏಳೆಂಟು ನಿಮಿಷ. ಆಮೇಲೆ ಅಂಚುಗಳನ್ನೂ ನಿಲ್ಲಿಸಿ ಒಂದು ಗಳಿಗೆ ಬಿಸಿ ಮಾಡಿ. ಬಟ್ಟೆಯಲ್ಲಿ ಸುತ್ತಿಟ್ಟು, ಬಿಸಿ ಇರುವಾಗಲೇ ಸೀಳಿ ಬೆಣ್ಣೆ ಸವರಿ ಕೊಡಿ. ಮಜ್ಜಿಗೆ ಹಾಕಿದ ಕೂಡಲೆ ಕಾವಲಿಗೆ ಹೋಗಬೇಕು, ಕಾದಷ್ಟೂ ಉಬ್ಬು ಇಳಿಯುತ್ತದೆ.

ಕಸೂತಿಯ ಊರಿನ ಹುಡುಗಿಯರು

ಬರೀ ಚಹಾ ಬಗ್ಗಿಸುವುದೇ ಹೆಂಗಸರ ಪಾಲೇ ಎಂದು ನೀವು ಕೇಳುತ್ತೀರಿ. ಬಹುಕಾಲ ಹೆಚ್ಚುಕಡಿಮೆ ಹಾಗೇ ಇತ್ತು. ಕೋಲಿನ ಆಟವಾದ ಕಮೋಗಿಗೆ ಹೆಂಗಸರ ಸಂಘ 1904ರಲ್ಲೇ ಹುಟ್ಟಿತ್ತು. ಫುಟ್ಬಾಲಿಗೆ ಮಾತ್ರ 1974ರ ತನಕ ಕಾಯಬೇಕಾಯಿತು. ಹುಟ್ಟಿದ್ದು ಎಲ್ಲಿ ಗೊತ್ತೆ? ಅದೇ ಥರ್ಲಿಸ್ಸಿನ ಅದೇ ಹೇಯ್ಸ್ ಹೋಟೆಲಿನಲ್ಲಿ, ಗಂಡಸರು ಸೇರಿದ ತೊಂಬತ್ತು ವರ್ಷದ ಮೇಲೆ.

ಕ್ರಾಸ್‌ಮಗ್ಲೆನ್ನಿನಿಂದ ಗಡಿ ದಾಟಿದರೆ ಮೋನಹನ್ ಜಿಲ್ಲೆಯ ಡೊನಮೊಯ್ನ್ ಎಂಬ ಹಳ್ಳಿ. ಸೂಜಿ ಹಿಡಿಯುವವರಿಗೆ ಈ ಹೆಸರು ತಿಳಿದಿರಬೇಕು. ಸುಮಾರು 1820ರಲ್ಲಿ ಅಲ್ಲಿನ ಪಾದ್ರಿಯ ಹೆಂಡತಿ ಗ್ರೇ ಪೋರ್ಟರ್ ಎಂಬಾಕೆ ಊರಿನ ಹೆಣ್ಣುಮಕ್ಕಳಿಗೆ ಒಂದು ಬಗೆಯ ಲೇಸು ಕಲಿಸಿದಳು. ತೆಳು ಬಲೆಯ ಮೇಲೆ ನವುರಾದ ಬಟ್ಟೆ ಇಟ್ಟು, ಹೂಬಳ್ಳಿಯ ಅಂಚಿಗೆ ದಾರ ಕೂರಿಸಿ ಹೊಲಿದು, ಮಿಕ್ಕ ಬಟ್ಟೆಯನ್ನು ಕತ್ತರಿಯಿಂದ ಬಿಡಿಸಿ ತೆಗೆಯುವುದು. ಕತ್ತರಿ ಒಂದು ಕೂದಲು ಜಾರಿದರೆ ತಿಂಗಳ ಕೆಲಸ ಮಣ್ಣುಪಾಲು. ಕ್ಷಾಮದ ಕಾಲದಲ್ಲಿ ಎಷ್ಟೋ ಮನೆಯ ಒಲೆ ಉರಿದದ್ದು ಇದರಿಂದ. ಪಕ್ಕದ ಪಟ್ಟಣದ ಹೆಸರಿನಿಂದ ಇದನ್ನು ಕ್ಯಾರಿಕ್‌ಮಕ್ರಾಸ್ ಲೇಸ್ ಎನ್ನುತ್ತಾರೆ. 1981ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾಳ ಮದುವೆ ಉಡುಪಿನಲ್ಲಿ ಹಿಂದೆ ಮೇರಿ ರಾಣಿಯದಾಗಿದ್ದ ಇದೇ ಲೇಸಿನ ತುಂಡುಗಳಿದ್ದವು. ಅತ್ತ ಗಡಿಯ ಹಳ್ಳಿಗಳ ಮೇಲೆ ರಾಣಿಯ ಹೆಲಿಕಾಪ್ಟರು, ಇತ್ತ ರಾಣಿಯ ಸೊಸೆಯ ಮೈಮೇಲೆ ಆ ಹಳ್ಳಿಗಳ ಕೈಕೆಲಸ!

ಈ ಡೊನಮೊಯ್ನ್ ಹಳ್ಳಿಯ ಹುಡುಗಿಯರು 2006, 2012, 2015, 2016 ಸೇರಿದಂತೆ ಹಲವು ಸಲ ಅಖಿಲ ಐರ್ಲೆಂಡ್ ಮಹಿಳಾ ಕ್ಲಬ್ ಕಪ್ ಗೆದ್ದರು. ಐದು ಸಲ. 2012ರಲ್ಲಂತೂ ಗಡಿಯ ಈಚೆಗೆ ರೇಂಜರ್ಸ್ ಹುಡುಗರ ಕಪ್, ಆಚೆಗೆ ಇವರದು; ಕೆಲವೇ ಮೈಲಿಯ ಅಂತರದಲ್ಲಿ ಎರಡು. ಅಜ್ಜಿಯರ ಸೂಜಿಯ ಹಿಡಿತ ಮೊಮ್ಮಕ್ಕಳ ಕಾಲಿಗೆ ಇಳಿಯಿತೇನೋ. 2019ರ ಸೆಪ್ಟೆಂಬರಿನಲ್ಲಿ ಡಬ್ಲಿನ್ ಮತ್ತು ಗಾಲ್ವೇ ಜಿಲ್ಲೆಗಳ ಮಹಿಳಾ ಫೈನಲ್ ನೋಡಲು ಕ್ರೋಕ್ ಪಾರ್ಕಿಗೆ 56,114 ಜನ ಬಂದಿದ್ದರು.

ಕ್ರಾಸ್‌ಮಗ್ಲೆನ್ನಿನ ಮೈದಾನದ ಜಾಗದಲ್ಲಿ ಸ್ವಲ್ಪ ಭಾಗವನ್ನು ಬಿಟ್ಟುಕೊಡುವುದಾಗಿ ಬ್ರಿಟಿಷ್ ಸರ್ಕಾರ 1999ರಲ್ಲಿ ಘೋಷಿಸಿತು. ಉತ್ತರ ಐರ್ಲೆಂಡಿನಲ್ಲಿ ಸೈನ್ಯದ ಕಾರ್ಯಾಚರಣೆ ಪೂರ್ತಿ ಮುಗಿದದ್ದು 2007ರ ಜುಲೈ 31ಕ್ಕೆ. ಹೆಲಿಕಾಪ್ಟರ್ ಸದ್ದಿಲ್ಲದ ಮೈದಾನದಲ್ಲಿ ಆಟ ಆಡಿ ಬೆಳೆದ ಒಂದು ತಲೆಮಾರು ಈಗ ದೊಡ್ಡದಾಗಿದೆ. ಇತ್ತ ಗಂಡಸರ ಸಂಘ, ಹೆಂಗಸರ ಎರಡು ಸಂಘ, ಮೂರನ್ನೂ ಒಂದು ಮಾಡುವ ಮಾತುಕತೆ ಐರ್ಲೆಂಡಿನ ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಅವರ ಮುಂದಾಳ್ತನದಲ್ಲಿ 2022ರಲ್ಲಿ ಶುರುವಾಯಿತು. 2027ರ ಹೊತ್ತಿಗೆ ಆಗಬೇಕೆಂದು 2024ರಲ್ಲಿ ಗುರಿ ಹೇಳಿದರು. ಕಾಗದದ ಮೇಲೆ ಒಂದಾಗುವುದು ಸುಲಭ. ಊರಿಗೊಂದೇ ಬಯಲಿರುವ ಕಡೆ ಶನಿವಾರ ಸಂಜೆ ಅದು ಹುಡುಗರಿಗೋ ಹುಡುಗಿಯರಿಗೋ, ಬಟ್ಟೆ ಬದಲಿಸುವ ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎನ್ನುವುದನ್ನು ಒಂದೊಂದು ಊರೂ ತಾನೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕು.